ಮೊದಲ ಬಿಯರ್ ತೆರೆಯುವ ಮುನ್ನ

ಅಮೆರಿಕದ ಯೂಟಾ ರಾಜ್ಯದ ಬಿಗ್ ಕಾಟನ್‌ವುಡ್ ಕಣಿವೆಯ ಮಿಲ್ ಡಿ ಎಂಬಲ್ಲಿ ರಸ್ತೆಯ ಪಕ್ಕದಲ್ಲಿ ಕಾರು ನಿಲ್ಲಿಸುವ ಒಂದು ಸಣ್ಣ ಜಾಗವಿದೆ. ಫೆಬ್ರುವರಿಯ ಯಾವುದಾದರೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿಗೆ ಹೋದರೆ, ಬೆಟ್ಟದಿಂದ ಇಳಿದು ಬಂದವರು ಕಾರಿನ ಹಿಂಬಾಗಿಲನ್ನು ಮೇಲಕ್ಕೆತ್ತಿ, ಅದರ ಅಂಚಿನ ಮೇಲೆ ಕುಳಿತು, ಗಟ್ಟಿ ಬೂಟಿನ ಬಕಲ್‌ಗಳನ್ನು ಒಂದೊಂದಾಗಿ ಸಡಿಲಿಸುತ್ತಿರುವುದು ಕಾಣುತ್ತದೆ. ಬೆಳಿಗ್ಗೆ ಹೊರಡುವ ಮೊದಲೇ ಯಾರೋ ಒಬ್ಬರು ಪಕ್ಕದ ಹಿಮದ ಗುಡ್ಡೆಯಲ್ಲಿ ಆರು ಬಿಯರ್ ಕ್ಯಾನುಗಳನ್ನು ಹೂತು, ಗುರುತಿಗೆ ಒಂದು ಕಡ್ಡಿ ಚುಚ್ಚಿರುತ್ತಾರೆ. ಬೂಟು ಸಡಿಲವಾದ ಮೇಲೆ ಕಡ್ಡಿಯ ಬುಡ ಕೆದಕಿ ಕ್ಯಾನು ತೆಗೆಯುತ್ತಾರೆ. ಉಂಗುರ ಎಳೆದಾಗ ‘ಟಸ್’ ಎಂದು ಬರುವ ಸದ್ದಿಗೆ ಎಲ್ಲರ ಭುಜಗಳೂ ಒಂದು ಅಂಗುಲ ಕೆಳಗಿಳಿಯುತ್ತವೆ. ಹತ್ತು ವರ್ಷಗಳಿಂದ ಈ ಕಣಿವೆಯಲ್ಲಿ ಸ್ಕೀ ಮಾಡುತ್ತಿರುವ ನಾನು ಆ ಸದ್ದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದರ ಬಗ್ಗೆ ಅನುಮಾನ ಹುಟ್ಟಿದ್ದು ಮಾತ್ರ ಮೂರು ಚಳಿಗಾಲಗಳ ಹಿಂದೆ.

ಆ ದಿನ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಾವು ನಾಲ್ವರು ರೆನಾಲ್ಡ್ಸ್ ಶಿಖರದ ಕಡೆಯ ಬೆಟ್ಟದ ಬೆನ್ನನ್ನು ಹತ್ತುತ್ತಿದ್ದಾಗ ಕಾಲಡಿಯ ಹಿಮ ‘ಧೊಪ್’ ಎಂದು ಕುಸಿಯಿತು. ಕುಸಿದದ್ದು ಬೆರಳಗಲದಷ್ಟೇ ಆದರೂ ಸದ್ದು ಇಪ್ಪತ್ತು ಮಾರು ದೂರದವರೆಗೆ ಓಡಿಹೋಯಿತು. ಗಟ್ಟಿಯಾದ ಹಿಮದ ಕೆಳಗೆ ದಪ್ಪ ರವೆಯಂಥ, ಒಂದಕ್ಕೊಂದು ಅಂಟಿಕೊಳ್ಳದ ಹರಳುಗಳ ಪದರವೊಂದು ಉಳಿದುಬಿಟ್ಟಿದ್ದರೆ ಹೀಗಾಗುತ್ತದೆ. ರವೆ ಹರಡಿ ಅದರ ಮೇಲೆ ಹಲಗೆ ಇಟ್ಟು ನಿಂತ ಹಾಗೆ. ಇಳಿಜಾರು 30 ಡಿಗ್ರಿ ಮೀರಿದ ಕಡೆ ಇದೇ ಕುಸಿತ ಆದರೆ ಹಲಗೆ ಜಾರುತ್ತದೆ, ಅದೇ ಹಿಮಕುಸಿತ. ಬೆಟ್ಟ ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ ಎಂದು ತರಬೇತಿಯ ಮೊದಲ ದಿನವೇ ಕಲಿಸುತ್ತಾರೆ. ನಾವು ನಾಲ್ವರೂ ತರಬೇತಿ ಪಡೆದವರೇ. ಮುಖ ಮುಖ ನೋಡಿಕೊಂಡೆವು, ಒಬ್ಬ ನಕ್ಕ, ಒಬ್ಬೊಬ್ಬರಾಗಿ ಇಳಿದರಾಯಿತು ಎಂದುಕೊಂಡೆವು, ಇಳಿದೆವು. ಏನೂ ಆಗಲಿಲ್ಲ.

ಮಧ್ಯಾಹ್ನ ಮೊದಲ ಕ್ಯಾನು ತೆರೆದಾಗ ಆ ಸದ್ದಿನ ಮಾತಿನಲ್ಲಿ ಇನ್ನೂ ಸ್ವಲ್ಪ ಹೆದರಿಕೆ ಉಳಿದಿತ್ತು. ಎರಡನೆಯದಕ್ಕೆ ನಮ್ಮಲ್ಲೊಬ್ಬನ ಮುಖ ಆಗ ಹೇಗಾಗಿತ್ತೆಂಬ ಅಣಕ ಶುರುವಾಯಿತು. ಮೂರನೆಯದರ ಹೊತ್ತಿಗೆ ‘ಧೊಪ್’ ಎಂಬುದೇ ಅವನ ಅಡ್ಡಹೆಸರಾಯಿತು. ಮುಂದಿನ ಶನಿವಾರ ನಾವು ಅದೇ ಇಳಿಜಾರಿಗೆ ಹೋದೆವು. ಹಿಂದಿನ ವಾರದ ಸದ್ದು ಎಲ್ಲರಿಗೂ ನೆನಪಿತ್ತು, ಆದರೆ ಎಚ್ಚರಿಕೆಯಾಗಿ ಅಲ್ಲ, ನಗೆಯಾಗಿ. ಬೆಟ್ಟದಲ್ಲಿ ಸ್ಕೀ ಮಾಡುವವರ ಕುಡಿತದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಯಾವ ಕುಡುಕನೂ ಅಲ್ಲ, ಈ ಅಡ್ಡಹೆಸರು.

ನಾನು ಹೇಳುತ್ತಿರುವುದು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಬಗ್ಗೆ, ಅಂದರೆ ಲಿಫ್ಟ್ ಇಲ್ಲದ, ಟಿಕೆಟ್ ಇಲ್ಲದ, ಕಾವಲಿಗೆ ಯಾರೂ ಇಲ್ಲದ ಬೆಟ್ಟವನ್ನು ಸ್ವಂತ ಕಾಲಿನ ಬಲದಿಂದ ಹತ್ತಿ ಇಳಿಯುವುದರ ಬಗ್ಗೆ. ಹತ್ತುವಾಗ ಸ್ಕೀಯ ತಳಕ್ಕೆ ಒಂದು ಪಟ್ಟಿ ಅಂಟಿಸುತ್ತೇವೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು, ಈಗ ಮೊಹೇರ್ ಅಥವಾ ನೈಲಾನ್, ಹೆಸರು ಮಾತ್ರ ಇನ್ನೂ ‘ಸ್ಕಿನ್’. ಅದರ ಕೂದಲು ಒಂದೇ ದಿಕ್ಕಿಗೆ ಮಲಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಪ್ರತಿಯೊಬ್ಬರ ಎದೆಯ ಮೇಲೆ 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಚೀಲದಲ್ಲಿ ಹಿಮಕ್ಕೆ ಚುಚ್ಚಿ ನೋಡುವ, ಮಡಚಿಟ್ಟ ಪ್ರೋಬ್ ಕೋಲು ಮತ್ತು ಸಲಿಕೆ ಇರಲೇಬೇಕು. ಹಿಮದಡಿ ಪೂರ್ತಿ ಹೂತುಹೋದವರ ಬಗ್ಗೆ ಸ್ವಿಟ್ಜರ್ಲೆಂಡಿನ ದಾಖಲೆಗಳನ್ನು ಆಧರಿಸಿ 1994ರಲ್ಲಿ ಪ್ರಕಟವಾದ ಲೆಕ್ಕವೊಂದನ್ನು ನಮ್ಮಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: 15 ನಿಮಿಷದ ಹೊತ್ತಿಗೆ ಬದುಕಿರುವವರು ನೂರಕ್ಕೆ 92, 35 ನಿಮಿಷದ ಹೊತ್ತಿಗೆ 30. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ. ತೆಗೆಯಬೇಕಾದವರು ಜೊತೆಗಿದ್ದವರೇ. ಆದ್ದರಿಂದ ಜೊತೆಗಾರನ ತಲೆ ಎಷ್ಟು ತಿಳಿಯಾಗಿದೆ ಎಂಬುದು ಇಲ್ಲಿ ಅವನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ನಾನು ವಾಸವಾಗಿರುವ ಯೂಟಾ ರಾಜ್ಯ ಕುಡಿತದ ವಿಷಯದಲ್ಲಿ ಮಡಿವಂತ ರಾಜ್ಯ. ಇಲ್ಲಿ ಪ್ರಬಲವಾಗಿರುವ ಮಾರ್ಮನ್ ಧರ್ಮ 1833ರಷ್ಟು ಹಿಂದಿನ ಉಪದೇಶವೊಂದರ ಆಧಾರದ ಮೇಲೆ ಹೆಂಡ, ಹೊಗೆಸೊಪ್ಪುಗಳ ಜೊತೆಗೆ ಕಾಫಿ, ಚಹಾಗಳನ್ನೂ ದೂರ ಇಟ್ಟಿದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಯರ್ ಶೇಕಡಾ 5ನ್ನು ಮೀರುವಂತಿಲ್ಲ. ಅದೂ 2019ರ ನವೆಂಬರ್‌ನಿಂದ ಈಚೆಗೆ, ಅದಕ್ಕೂ ಮೊದಲು ಇನ್ನೂ ತೆಳುವಾಗಿತ್ತು. ಅದಕ್ಕಿಂತ ಗಟ್ಟಿಯಾದದ್ದು ಬೇಕಾದರೆ ಸರ್ಕಾರಿ ಮದ್ಯದಂಗಡಿಗೇ ಹೋಗಬೇಕು, ಭಾನುವಾರ ಅದರ ಬಾಗಿಲು ಹಾಕಿರುತ್ತದೆ. ವಾಹನ ಓಡಿಸುವವರ ರಕ್ತದಲ್ಲಿರಬಹುದಾದ ಮದ್ಯದ ಮಿತಿಯನ್ನು 2018ರ ಡಿಸೆಂಬರ್ 30ರಿಂದ ಶೇಕಡಾ 0.05ಕ್ಕೆ ಇಳಿಸಿದ ಮೊದಲ ಅಮೆರಿಕನ್ ರಾಜ್ಯವೂ ಇದೇ. ಇಷ್ಟೆಲ್ಲ ಇದ್ದೂ, ಇಡೀ ದೇಶದ ಪಾನನಿಷೇಧ ಕೊನೆಗೊಂಡದ್ದು 1933ರ ಡಿಸೆಂಬರ್ 5ರಂದು ಯೂಟಾ ಹಾಕಿದ ಮತದಿಂದ ಎಂಬುದನ್ನು ಇಲ್ಲಿನ ಬಾರುಗಳಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಸ್ಕೀ ಮಾಡುವವರಿಗೆ ಬಿಯರ್ ಬರೀ ಬಾಯಾರಿಕೆಯ ವಸ್ತುವಲ್ಲ, ಗುರುತಿನ ಚೀಟಿ. ಬೇರೆ ರಾಜ್ಯಗಳಿಂದ ಹಿಮಕ್ಕಾಗಿ ವಲಸೆ ಬಂದವರು ‘ನಾವು ಊರಿನವರಂತಲ್ಲ’ ಎಂದು ತೋರಿಸಿಕೊಳ್ಳಲು ಕ್ಯಾನು ಹಿಡಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿನ ಸ್ಕೀ ಊರುಗಳಾದ ಆಲ್ಟಾ, ಪಾರ್ಕ್ ಸಿಟಿ ಎರಡೂ 19ನೇ ಶತಮಾನದಲ್ಲಿ ಬೆಳ್ಳಿಯ ಗಣಿಗಳಾಗಿದ್ದ ಊರುಗಳು. ಗಣಿಗಾರರ ಪಾನಗೃಹಗಳು ಮೊದಲು ಬಂದವು, ಸ್ಕೀ ಲಿಫ್ಟ್ ಆಲ್ಟಾಕ್ಕೆ ಬಂದದ್ದು 1939ರಲ್ಲಿ. ಕುಡಿತಕ್ಕೆ ಇಲ್ಲಿ ಸ್ಕೀಗಿಂತ ಹಳೆಯ ಪರಂಪರೆ ಇದೆ ಎಂದು ವಾದಿಸುವವರನ್ನು ತಳ್ಳಿಹಾಕುವಂತಿಲ್ಲ.

ಆ ಪರಂಪರೆಯ ಒಂದು ಸಾಧನವನ್ನು ಕನ್ನಡದ ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಹೆಸರು ಶಾಟ್-ಸ್ಕೀ. ಹಳೆಯ ಸ್ಕೀಯೊಂದರ ಮೇಲೆ ಸಮ ಅಂತರದಲ್ಲಿ ನಾಲ್ಕು ಪುಟ್ಟ ಗ್ಲಾಸುಗಳನ್ನು ಕೂರಿಸಿರುತ್ತಾರೆ. ನಾಲ್ವರು ಸಾಲಾಗಿ ನಿಂತು ಅದನ್ನು ಬಾಯಿಯ ಮಟ್ಟಕ್ಕೆ ಎತ್ತಿ, ಒಟ್ಟಿಗೆ ಓರೆ ಮಾಡಿ ಒಟ್ಟಿಗೆ ಕುಡಿಯಬೇಕು. ಪಾರ್ಕ್ ಸಿಟಿಯ ಮುಖ್ಯ ಬೀದಿಯಲ್ಲಿ ಹಲವು ಸಲ ಸಾವಿರಕ್ಕೂ ಹೆಚ್ಚು ಜನ ಉದ್ದಕ್ಕೆ ಜೋಡಿಸಿದ ಸ್ಕೀಗಳಿಂದ ಹೀಗೆ ಕುಡಿದು ದಾಖಲೆ ಮಾಡಿದ್ದಾರೆ. ನೋಡಲು ಸೊಗಸು. ನಾನೂ ಒಮ್ಮೆ ಒಂದು ಮನೆಯ ಔತಣದಲ್ಲಿ ಸಾಲಿನ ಮೂರನೆಯವನಾಗಿ ನಿಂತಿದ್ದೆ. ನನಗೆ ಬೇಡವಾಗಿತ್ತು, ಆದರೆ ನಾನು ಕೈ ಬಿಟ್ಟರೆ ಉಳಿದ ಮೂವರ ಅಂಗಿಯ ಮೇಲೆ ವಿಸ್ಕಿ ಚೆಲ್ಲುತ್ತದೆ. ನಾನು ತಡಮಾಡಿದರೆ ಸ್ಕೀ ನನ್ನ ಕಡೆ ವಾಲಿ ನನ್ನ ಮೂಗಿಗೇ ಬರುತ್ತದೆ. ಮೊದಲನೆಯವ ಎತ್ತಿದ, ನಾಲ್ವರೂ ಕುಡಿದೆವು. ನಾಲ್ವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ಕುಡಿಯುವ ಮನಸ್ಸಿತ್ತೋ ಗೊತ್ತಿಲ್ಲ, ಯಾರೂ ಕೇಳಲಿಲ್ಲ.

ರೆನಾಲ್ಡ್ಸ್ ಶಿಖರದ ಬೆನ್ನಿನ ಮೇಲೆ ಮುಖ ಮುಖ ನೋಡಿಕೊಂಡಾಗಲೂ ಆದದ್ದು ಇದೇ ಎಂದು ಆಮೇಲೆ ನನಗೆ ಅನ್ನಿಸಿದೆ. ಇಯನ್ ಮೆಕ್‌ಕ್ಯಾಮನ್ ಎಂಬವರು ಅಮೆರಿಕದ 700ಕ್ಕೂ ಹೆಚ್ಚು ಹಿಮಕುಸಿತದ ಪ್ರಕರಣಗಳನ್ನು ಪರಿಶೀಲಿಸಿ, ಅಪಾಯದ ಚಿಹ್ನೆಗಳು ಕಣ್ಣೆದುರಿಗೇ ಇದ್ದರೂ, ತರಬೇತಿ ಇದ್ದರೂ ಜನ ಯಾಕೆ ಮುಂದೆ ಹೋಗುತ್ತಾರೆ ಎಂದು ಕೇಳಿದ್ದರು. ಪರಿಚಿತ ಜಾಗ, ಗುಂಪಿನ ಮೆಚ್ಚುಗೆಯ ಆಸೆ, ಹೊರಟದ್ದನ್ನು ಮುಗಿಸುವ ಹಟ, ಮುಂದಾಳಿನ ಮೇಲಿನ ಅತಿನಂಬಿಕೆ, ಇತರರು ತಮಗಿಂತ ಮೊದಲು ಹೊಸ ಹಿಮ ಮುಟ್ಟಿಬಿಡುತ್ತಾರೆಂಬ ಆತುರ, ಇವೆಲ್ಲ ಅವರು ಗುರುತಿಸಿದ ಬಲೆಗಳು. ಅದರಲ್ಲಿ ಮದ್ಯ ಎಂಬ ಬಲೆ ಇಲ್ಲ. ಇರಬೇಕಾಗಿಯೂ ಇಲ್ಲ, ಯಾಕೆಂದರೆ ನಾನು ಬಲ್ಲ ಮಟ್ಟಿಗೆ ಬೆಳಗಿನ ಹೊತ್ತು ಕುಡಿದು ಬೆಟ್ಟ ಹತ್ತುವವರು ಕಡಿಮೆ. ಆದರೆ ಕುಡಿಯುವ ಜಾಗದಲ್ಲಿ ಅಭ್ಯಾಸವಾದ ‘ಎಲ್ಲರೂ ಎತ್ತಿದರು, ನಾನೂ ಎತ್ತಿದೆ’ ಎಂಬ ನಡವಳಿಕೆ ಮರುದಿನ ಬೂಟಿನ ಜೊತೆಗೇ ಬೆಟ್ಟ ಹತ್ತುತ್ತದೆ.

ಚಳಿಗೆ ಒಂದು ಗುಟುಕು ಒಳ್ಳೆಯದು ಎಂಬ ನಂಬಿಕೆಯಂತೂ ನನಗೆ ಅಮೆರಿಕದಲ್ಲಿ ಹೊಸದಾಗಿ ಸಿಕ್ಕದ್ದಲ್ಲ. ಸಾಗರದ ನಮ್ಮ ಮನೆಯ ಗೋಡೆಬೀರುವಿನಲ್ಲಿ ಹಾರ್ಲಿಕ್ಸ್ ಬಾಟಲಿಯ ಹಿಂದೆ ಕಾಲು ಸೀಸೆ ಬ್ರಾಂಡಿ ಇರುತ್ತಿತ್ತು. ಅದನ್ನು ಯಾರೂ ಹೆಂಡ ಎನ್ನುತ್ತಿರಲಿಲ್ಲ, ‘ಔಷಧಿ’ ಎನ್ನುತ್ತಿದ್ದರು. ಮಳೆಗಾಲದಲ್ಲಿ ಮಗುವಿಗೆ ಕಫ ಕಟ್ಟಿದರೆ ಅಜ್ಜಿ ಅದನ್ನು ಎದೆಗೆ ಸವರುತ್ತಿದ್ದರು, ಬಾಣಂತಿಗೆ ಒಂದು ಚಮಚ ಕುಡಿಸುತ್ತಿದ್ದರು; ಬ್ರಾಂಡಿ ಬಿಸಿ, ಬಿಯರ್ ತಂಪು ಎಂಬ ವರ್ಗೀಕರಣ ಅವರಿಗೆ ಬದನೆಕಾಯಿ ನಂಜು ಎಂಬಷ್ಟೇ ಖಚಿತವಾಗಿತ್ತು. ಈಗಲೂ ಇಲ್ಲಿ ಹಿಮ ಬಿದ್ದ ಸುದ್ದಿ ಟಿವಿಯಲ್ಲಿ ಬಂದರೆ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿ ಕೇಳುತ್ತಾರೆ: “ಅಲ್ಲೋ, ಅಷ್ಟು ಚಳೀಲಿ ಹೋಗ್ತಿಯಲ್ಲ, ಔಷಧಿ ಥರ ಒಂಚೂರು ಇಟ್ಕೊಂಡಿರ್ತೀಯ ತಾನೆ?” ಬಾರಿಗೆ ಹೋಗಬೇಡ ಎಂದು ಆಣೆ ಹಾಕಿಸಿ ಕಳಿಸಿದ ಅಮ್ಮನೇ ಹೀಗೆ ಕೇಳುವುದು.

ಯುರೋಪಿನಲ್ಲಿ ಇದೇ ನಂಬಿಕೆಗೆ ಒಂದು ನಾಯಿಯ ರೂಪ ಸಿಕ್ಕಿದೆ. ಇಟಲಿ–ಸ್ವಿಟ್ಜರ್ಲೆಂಡ್ ಗಡಿಯಲ್ಲಿ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ ಸಾಕುತ್ತಿದ್ದ ದೊಡ್ಡ ನಾಯಿಗಳು ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕುತ್ತಿದ್ದದ್ದು ನಿಜ. ಕೊರಳಿನಲ್ಲಿ ಬ್ರಾಂಡಿಯ ಪೀಪಾಯಿ ಕಟ್ಟಿಕೊಂಡು ಹೋಗುತ್ತಿದ್ದವು ಎಂಬುದು ಮಾತ್ರ ಕಟ್ಟುಕತೆ. 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಹದಿಹರೆಯದ ಇಂಗ್ಲಿಷ್ ಚಿತ್ರಕಾರ ಬರೆದ ಚಿತ್ರದಲ್ಲಿ ಆ ಪೀಪಾಯಿ ಕಾಣಿಸಿಕೊಂಡ ಮೇಲೆ ಜಗತ್ತೆಲ್ಲ ಅದನ್ನು ನಂಬಿತು. (ನಮ್ಮ ಕಣಿವೆಗೆ ಆ ನಾಯಿ ಬಂದರೂ ಗೇಟಿನಲ್ಲೇ ತಡೆಯುತ್ತಾರೆ. ಕಾಟನ್‌ವುಡ್ ಕಣಿವೆಗಳ ಹೊಳೆಗಳು ಸಾಲ್ಟ್ ಲೇಕ್ ಸಿಟಿಯ ಕುಡಿಯುವ ನೀರಾದ್ದರಿಂದ ಸಾಕುನಾಯಿಗಳಿಗೆ ಅಲ್ಲಿ ಪ್ರವೇಶವಿಲ್ಲ.)

ದೇಹದೊಳಗೆ ಆಗುವುದು ಈ ನಂಬಿಕೆಗೆ ತಿರುಗುಮುರುಗು. ಚಳಿಯಲ್ಲಿ ದೇಹ ಚರ್ಮದ ರಕ್ತನಾಳಗಳನ್ನು ಬಿಗಿಹಿಡಿದು ಬಿಸಿಯನ್ನು ಒಳಗೆ, ಹೃದಯ ಶ್ವಾಸಕೋಶಗಳ ಸುತ್ತ, ಕಾಪಾಡಿಕೊಳ್ಳುತ್ತದೆ. ಮದ್ಯ ಆ ಬಿಗಿಯನ್ನು ಸಡಿಲಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ನುಗ್ಗುವುದರಿಂದ ಬೆಚ್ಚಗಾಯಿತು ಎನ್ನಿಸುತ್ತದೆ, ಆದರೆ ಆ ಬಿಸಿ ಹೊರಗಿನ ಗಾಳಿಗೆ ಹೋಗಿಬಿಡುತ್ತದೆ. ನಡುಕವನ್ನೂ ಅದು ಕಡಿಮೆ ಮಾಡುತ್ತದೆ, ನಡುಕವೆಂದರೆ ದೇಹದ ಒಲೆ. ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆಯನ್ನು ಏರಿಸಿಕೊಳ್ಳುವ ಪಿತ್ತಜನಕಾಂಗದ ಕೆಲಸಕ್ಕೂ ಅಡ್ಡಿ. ಇನ್ನೊಂದು ವಿಷಯ ನಾನು ತುಟಿಯಲ್ಲೇ ಕಲಿತದ್ದು. ಶೇಕಡಾ 40ರ ವಿಸ್ಕಿ ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 27 ಡಿಗ್ರಿ ಕೆಳಗೆ. ಹಾಗಾಗಿ ಸೊನ್ನೆಗಿಂತ 15 ಡಿಗ್ರಿ ಕಡಿಮೆ ಇರುವ ಬೆಳಿಗ್ಗೆ ಚೀಲದ ಹೊರಜೇಬಿನಲ್ಲಿಟ್ಟ ಸ್ಟೀಲ್ ಸೀಸೆಯಲ್ಲಿ ಅದು ನೀರಿನಂತೆಯೇ ಅಲುಗಾಡುತ್ತಿರುತ್ತದೆ, ಆದರೆ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರುತ್ತದೆ. ಒಬ್ಬ ಜೊತೆಗಾರ ಒಮ್ಮೆ ಶಿಖರದ ಮೇಲೆ ಕೊಟ್ಟದ್ದನ್ನು ಮರ್ಯಾದೆಗೆ ಬಾಯಿಗಿಟ್ಟೆ. ಸೀಸೆಯ ಬಾಯಿ ಕೆಳತುಟಿಗೆ ಅಂಟಿಕೊಂಡು ಬಿಡಿಸುವಾಗ ಸಿಪ್ಪೆಯೊಂದಿಗೆ ಬಂತು. ಒಳಗೆ ಹೋದ ಗುಟುಕು ಅನ್ನನಾಳದ ಯಾವ ಯಾವ ತಿರುವಿನಲ್ಲಿ ಇಳಿಯಿತೆಂದು ಈಗಲೂ ಬೆರಳಿಟ್ಟು ತೋರಿಸಬಲ್ಲೆ.

ಶಿಖರದ ಮೇಲಿನ ಆ ಗುಟುಕಿಗೆ ಆಲ್ಪ್ಸ್‌ನ ಜರ್ಮನ್ ಮಾತಾಡುವ ನಾಡುಗಳಲ್ಲಿ ಗಿಪ್ಫೆಲ್‌ಶ್ನಾಪ್ಸ್ ಎಂದು ಗೌರವದ ಹೆಸರೇ ಇದೆ. ಅಲ್ಲಿ ಅದು ಕಲ್ಲುಪೈನ್ ಮರದ ಕಾಯಿಯದೋ ಜೆಂಶನ್ ಬೇರಿನದೋ ಇರುತ್ತದೆ, ಫ್ರಾನ್ಸಿನ ಕಡೆ ಬೆಟ್ಟದ ಮಾಚಿಪತ್ರೆಯಂಥ ಗಿಡದಿಂದ ಮಾಡಿದ ಜೆನೆಪಿ. ಅವುಗಳ ಪರಿಮಳವನ್ನು ನಾನು ನಿರಾಕರಿಸುವುದಿಲ್ಲ. ಆದರೆ ನಮ್ಮ ಬಿಯರ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಬಿಯರ್ ಇಳಿದ ಮೇಲೆ, ಇದು ಇಳಿಯುವ ಮೊದಲು. ಇಟಲಿ 2022ರಿಂದ ಕುಡಿದು ಸ್ಕೀ ಮಾಡುವುದನ್ನು ನಿಷೇಧಿಸಿ, ಲೀಟರ್ ರಕ್ತಕ್ಕೆ 0.5 ಗ್ರಾಂ ಎಂಬ ಮಿತಿ ಹಾಕಿದೆ. ಲೆಕ್ಕ ಹಾಕಿದರೆ ಅದು ಯೂಟಾದ ರಸ್ತೆಯ 0.05 ಎಂಬ ಅಂಕಿಯೇ. ಆದರೆ ಪೊಲೀಸರು ಊದಿಸಿ ನೋಡುವುದು ಸ್ಕೀ ಕೇಂದ್ರಗಳ ಇಳಿಜಾರಿನಲ್ಲಿ. ಬಯಲು ಬೆಟ್ಟದಲ್ಲಿ ಊದಿಸುವವರು ಯಾರು?

ಕೊಲೊರಾಡೊ ರಾಜ್ಯದ ಹಟ್‌ಗಳ, ಅಂದರೆ ಬೆಟ್ಟದ ಮೇಲೆ ರಾತ್ರಿ ತಂಗುವ ಮನೆಗಳ, ವಿಷಯ ಬೇರೆ. ಎರಡನೇ ಮಹಾಯುದ್ಧದಲ್ಲಿ ಸ್ಕೀ ಮೇಲೆ ಹೋರಾಡಲು ತರಬೇತಾದ 10ನೇ ಮೌಂಟನ್ ಡಿವಿಷನ್ ಎಂಬ ಸೇನಾ ತುಕಡಿಯ ಹೆಸರಿನಲ್ಲಿ 1980ರಲ್ಲಿ ಒಂದು ಸಂಸ್ಥೆ ಶುರುವಾಗಿ, 1982ರಲ್ಲಿ ಮೊದಲ ಎರಡು ಗುಡ್ಡದ ಮನೆಗಳನ್ನು ಕಟ್ಟಿತು. ಈಗ ಅಂಥವು ಹಲವಿವೆ. ಅವೆರಡೂ 3,000 ಮೀಟರಿಗಿಂತ ಎತ್ತರದಲ್ಲಿವೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಾಲಿಗಿಂತ ಹೆಚ್ಚು. ಡೆನ್ವರ್‌ನಲ್ಲಿರುವ ದಾವಣಗೆರೆಯ ಗೆಳೆಯನೊಬ್ಬನ ಜೊತೆ ಅಂಥ ಮನೆಯೊಂದಕ್ಕೆ ಹೋಗಿದ್ದೆ. ಮೂರು ಲೀಟರಿನ ವೈನ್ ಪೆಟ್ಟಿಗೆಯ ರಟ್ಟನ್ನು ಕೆಳಗೇ ಬಿಸಾಡಿ, ಒಳಗಿನ ಬೆಳ್ಳಿಬಣ್ಣದ ಚೀಲವನ್ನು ಮಾತ್ರ ಆಪರೇಷನ್ ಮಾಡಿ ತೆಗೆದವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೆನ್ನಚೀಲಕ್ಕೆ ಇಳಿಸಿದ. ಮೂರು ಕಿಲೋ ತೂಕ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ತೂಕ ಉಳಿಸಲು ಅರ್ಧಕ್ಕೆ ಕತ್ತರಿಸಿದ್ದ ಮನುಷ್ಯ ಅವನು. ಸಂಜೆ ಕಟ್ಟಿಗೆ ಒಲೆಯ ಮುಂದೆ ಚೀಲವನ್ನು ಕಂಕುಳಲ್ಲಿ ಒತ್ತಿಹಿಡಿದು ನನ್ನ ಲೋಟಕ್ಕೆ ಸುರಿಯುತ್ತ, “ಕುಡಿಯೋ ಲೇ, ಇಷ್ಟಕ್ಕೆಲ್ಲ ಏನಾಗಲ್ಲ, ನಿದ್ದಿ ಚಲೋ ಬರ್ತತಿ” ಎಂದ.

ನಿದ್ದೆ ಬಂತು, ಚಲೋ ಬರಲಿಲ್ಲ. ಎತ್ತರದಲ್ಲಿ ಮಲಗಿದಾಗ ಉಸಿರಾಟ ತಾನಾಗಿಯೇ ಏರಿಳಿಯುತ್ತದೆ: ಕೆಲವು ದೊಡ್ಡ ಉಸಿರು, ಆಮೇಲೆ ಒಂದು ನಿಲುಗಡೆ, ಮತ್ತೆ ಎಳೆತ. ಮದ್ಯ ಉಸಿರಿನ ಪ್ರಚೋದನೆಯನ್ನೇ ತಗ್ಗಿಸುವುದರಿಂದ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಮೂತ್ರ ಹೆಚ್ಚಾಗಿ, ಒಣಗಾಳಿಯಲ್ಲಿ ಮೊದಲೇ ನೀರು ಕಳೆದುಕೊಂಡ ದೇಹ ಇನ್ನಷ್ಟು ಒಣಗುತ್ತದೆ. ರಾತ್ರಿ ಎರಡು ಗಂಟೆಗೆ ನಾನು ಮೇಲಿನ ಮಂಚದಲ್ಲಿ ಎಚ್ಚರವಾಗಿ, ಕೆಳಗೆ ಮಲಗಿದ್ದ ಅವನ ಉಸಿರು ನಿಲ್ಲುವುದನ್ನೂ, ಮತ್ತೆ ಶುರುವಾಗುವವರೆಗೆ ನಾನು ಎಣಿಸಿದ ಅಂಕಿಗಳನ್ನೂ ಮರೆತಿಲ್ಲ. ಬೆಳಿಗ್ಗೆ ಇಬ್ಬರಿಗೂ ತಲೆನೋವು. ಎತ್ತರದ್ದೋ ವೈನಿನದ್ದೋ ಎಂದು ಗೊತ್ತಾಗದ ತಲೆನೋವು, ಮತ್ತು ಅದೇ ಅದರ ಅಪಾಯ: ಎತ್ತರದ ಕಾಯಿಲೆಯ ಮೊದಲ ಲಕ್ಷಣ ತಲೆನೋವು, ಅದನ್ನು ಹ್ಯಾಂಗೋವರ್ ಎಂದುಕೊಂಡು ಮೇಲೆ ಹತ್ತುವವರಿದ್ದಾರೆ.

ಸಾಲ್ಟ್ ಲೇಕ್ ಸಿಟಿಯವರಿಗೆ ಹಟ್‌ಗಳ ಅಗತ್ಯವಿಲ್ಲ, ಬೆಟ್ಟ ಊರಿನ ಬೆನ್ನಿಗೇ ಇದೆ. ಅದರಿಂದ ಹುಟ್ಟಿದ ಪದ್ಧತಿ ಡಾನ್ ಪಟ್ರೋಲ್: ನಸುಕಿನಲ್ಲಿ ಹಣೆದೀಪ ಕಟ್ಟಿಕೊಂಡು ಹತ್ತಿ, ಒಮ್ಮೆ ಇಳಿದು, ಒಂಬತ್ತು ಗಂಟೆಗೆ ಆಫೀಸಿನ ಮೀಟಿಂಗ್‌ನಲ್ಲಿ ಕೆಂಪು ಕೆನ್ನೆಯಿಂದ ಕುಳಿತಿರುವುದು. ಇಲ್ಲಿ ಒಂದು ಸರಳ ಲೆಕ್ಕವಿದೆ. ಸಾಮಾನ್ಯವಾಗಿ ರಕ್ತದ ಮದ್ಯದ ಮಟ್ಟ ಗಂಟೆಗೆ ಸುಮಾರು 0.015ರಷ್ಟು ಇಳಿಯುತ್ತದೆ; ಕಾಫಿಯಿಂದಾಗಲಿ ತಣ್ಣೀರಿನಿಂದಾಗಲಿ ಅದರ ವೇಗ ಹೆಚ್ಚುವುದಿಲ್ಲ. ಗುರುವಾರ ಮಧ್ಯರಾತ್ರಿ 0.12ರಲ್ಲಿ ಮಲಗಿದವನು ಬೆಳಗಿನ ಐದಕ್ಕೆ ಸುಮಾರು 0.045ರಲ್ಲಿ ಏಳುತ್ತಾನೆ. ಯೂಟಾದ ಕಾನೂನಿನ ಗೆರೆಗಿಂತ ಕೂದಲೆಳೆಯಷ್ಟು ಒಳಗೆ. ಅವನನ್ನು ಪೊಲೀಸರು ಹಿಡಿಯುವುದಿಲ್ಲ, ಗೆಳೆಯರೂ ಕುಡಿದಿದ್ದಾನೆ ಎನ್ನುವುದಿಲ್ಲ, ಅವನಿಗೂ ಹಾಗೆ ಅನ್ನಿಸುವುದಿಲ್ಲ. ಅವನ ಎದೆಯ ಬೀಕನ್ ನನ್ನ ಪಾಲಿನ 15 ನಿಮಿಷ.

ಇದನ್ನು ಪರೀಕ್ಷಿಸಲು ನಾವು ಒಂದು ಸಂಜೆ ಪಾರ್ಕಿಂಗ್ ಜಾಗದ ಪಕ್ಕದ ಹಿಮದಲ್ಲಿ ಬೀಕನ್ ಇಟ್ಟ ಚೀಲವನ್ನು ಹೂತು ಹುಡುಕುವ ಆಟ ಆಡಿದೆವು. ಇದು ವಿಜ್ಞಾನವಲ್ಲ, ನಾಲ್ವರ ಒಂದು ಸಂಜೆ, ಕತ್ತಲೆಯೂ ಆಗುತ್ತಿತ್ತು. ಬಿಯರ್‌ಗೆ ಮೊದಲು ನನಗೆ ಹುಡುಕಲು ನಾಲ್ಕು ನಿಮಿಷ ಸಾಕಾಯಿತು. ಎರಡು ಬಿಯರ್‌ಗಳ ನಂತರ ಏಳು. ನಾನು ಗಮನಿಸಿದ್ದು ನಿಮಿಷಗಳನ್ನಲ್ಲ, ನಡೆಯುವ ರೀತಿಯನ್ನು. ಕೊನೆಯ ಎರಡು ಮೂರು ಮೀಟರಿನಲ್ಲಿ ಬೀಕನ್ನನ್ನು ಹಿಮದ ಮೈಗೆ ತಗುಲುವಷ್ಟು ಕೆಳಗೆ ಹಿಡಿದು, ನಿಧಾನವಾಗಿ, ತಿರುಗಿಸದೆ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಸರಿಸಬೇಕು. ಬಿಯರ್ ಕುಡಿದ ನಾನು ಅದನ್ನು ಸೊಂಟದ ಎತ್ತರದಲ್ಲಿ ಹಿಡಿದು ಆತ್ಮವಿಶ್ವಾಸದಿಂದ ಆಚೀಚೆ ಓಡಾಡಿದೆನಂತೆ. ನನಗೆ ಮಾತ್ರ ಎರಡನೆಯ ಸಲ ಬೇಗ ಸಿಕ್ಕಿತು ಎನ್ನಿಸಿತ್ತು.

ಗಾಂಜಾದ ಮಾತನ್ನು ಬಿಡುವಂತಿಲ್ಲ. ಕೊಲೊರಾಡೊದ ಜನ 2012ರಲ್ಲೇ ಮತ ಹಾಕಿ ಅದನ್ನು ಕಾನೂನುಬದ್ಧ ಮಾಡಿಕೊಂಡರು, ಯೂಟಾದಲ್ಲಿ 2018ರಿಂದ ಔಷಧಿಯಾಗಿ ಮಾತ್ರ ಅನುಮತಿ. ಆದರೆ ನಾವು ಸ್ಕೀ ಮಾಡುವ ಬೆಟ್ಟಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ ಅರಣ್ಯವಾದ್ದರಿಂದ ಅಲ್ಲಿ ಎರಡೂ ರಾಜ್ಯದವರಿಗೆ ಅದು ಅಪರಾಧವೇ. ಮರದ ಮರೆಗೆ ಸರಿದು ಒಂದು ದಮ್ ಎಳೆಯುವುದಕ್ಕೆ ಇಲ್ಲಿ ‘ಸೇಫ್ಟಿ ಮೀಟಿಂಗ್’ ಎನ್ನುತ್ತಾರೆ. ಮೊದಲ ಸಲ ಆ ಮಾತು ಕೇಳಿದಾಗ ನಾನು ನಕ್ಕಿದ್ದೆ. ಈಗ ಅದು ನನಗೆ ಬಿಯರ್‌ಗಿಂತ ಹೆಚ್ಚು ಕಿರಿಕಿರಿ ಮಾಡುತ್ತದೆ, ಏಕೆಂದರೆ ಇಳಿಜಾರಿನ ತುದಿಯಲ್ಲಿ ನಿಜವಾಗಿ ನಡೆಯಬೇಕಾದ ಸಭೆಯ ಹೆಸರನ್ನೇ ಅದು ಕದ್ದಿದೆ. ಯಾರಾದರೂ ಗಂಭೀರವಾಗಿ “ಸುರಕ್ಷತೆಯ ಬಗ್ಗೆ ಎರಡು ಮಾತಾಡೋಣ” ಎಂದರೆ ಎಲ್ಲರೂ ಕಣ್ಣು ಮಿಟುಕಿಸುತ್ತಾರೆ. ತುಟಿಯೊಳಗೆ ನಿಕೋಟಿನ್ ಪೊಟ್ಟಣ ಇಟ್ಟುಕೊಳ್ಳುವವರ ಬಗ್ಗೆ ನನಗೆ ದೂರಿಲ್ಲ. ಎಲೆಅಡಿಕೆಯ ಸೀಮೆಯಿಂದ ಬಂದವನು ಆ ವಿಷಯದಲ್ಲಿ ಬಾಯಿ ತೆರೆಯದಿರುವುದು ಮೇಲು. ಇನ್ನು ‘ನಮ್ಮ ನಿಜವಾದ ನಶೆ ಹಿಮವೇ’ ಎನ್ನುವವರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗೆ ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಕ್ಯಾನು ಇರುತ್ತದೆ.

ಮದ್ಯವನ್ನೇ ದೂರಿ ಕೈತೊಳೆದುಕೊಳ್ಳಲು ನನಗೂ ಆಸೆ ಇತ್ತು. ಗುಲ್ಮರ್ಗ್ ಅದಕ್ಕೆ ಅಡ್ಡ ಬಂತು. ಅಲ್ಲಿನ ಗೊಂಡೊಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ಅಫರ್ವತ್ ಬೆಟ್ಟದ ಮೇಲೆ 4,000 ಮೀಟರಿಗೆ ಸ್ವಲ್ಪವೇ ಕಡಿಮೆ ಎತ್ತರಕ್ಕೆ ಒಯ್ದು ಬಿಡುತ್ತದೆ, ಅಲ್ಲಿಂದಾಚೆ ನೀವುಂಟು, ಹಿಮ ಉಂಟು. ಮದ್ಯ ಸಿಗುವುದು ಕೆಲವೇ ಹೋಟೆಲುಗಳಲ್ಲಿ. ಸಂಜೆ ನಾವು ಸ್ಥಳೀಯ ಗೈಡ್‌ಗಳ ಜೊತೆ ಬುಖಾರಿ ಒಲೆಯ ಸುತ್ತ ಕುಳಿತು ಉಪ್ಪುಚಹಾ ಕುಡಿದೆವು. ಒಬ್ಬರೂ ಹನಿ ಮುಟ್ಟಲಿಲ್ಲ. ಬೆಳಿಗ್ಗೆ ನಮ್ಮಲ್ಲೊಬ್ಬ ಸಾಲು ತಪ್ಪಿ ಇಳಿದು, ಅವನ ಹಿಂದೆ ಸಣ್ಣ ಹಿಮಕುಸಿತವೊಂದು ಜಾರಿದ್ದ ಸಂಗತಿ ಮೂರನೆಯ ಬಟ್ಟಲು ಚಹಾದ ಹೊತ್ತಿಗೆ ಮಿಲ್ ಡಿಯಲ್ಲಿ ಆದಂತೆಯೇ ನಗೆಯ ಕಥೆಯಾಗಿ ಮಾರ್ಪಟ್ಟಿತು. ಅಲ್ಲಿಗೆ ನನಗೆ ಒಂದು ಅರ್ಥವಾಯಿತು: ತಪ್ಪನ್ನು ಕಥೆ ಮಾಡುವುದು ಬಿಯರ್ ಅಲ್ಲ, ಕ್ಷೇಮವಾಗಿ ಕುಳಿತ ಸಂಜೆ. ಬಿಯರ್ ಅದರ ಕೆಲಸವನ್ನು ಬೇಗ ಮಾಡುತ್ತದೆ, ಅಷ್ಟೇ. ಬೆಟ್ಟದಲ್ಲಿ ತಪ್ಪು ಮಾಡಿದ ನೂರು ಸಲದಲ್ಲಿ ಬಹುಪಾಲು ಏನೂ ಆಗುವುದಿಲ್ಲವಾದ್ದರಿಂದ, ತಪ್ಪಿಗೂ ಜಾಣ್ಮೆಗೂ ಸಿಗುವ ಬಹುಮಾನ ಒಂದೇ: ಒಂದು ಒಳ್ಳೆಯ ಇಳಿತ, ಆಮೇಲೆ ತಣ್ಣನೆಯ ಕ್ಯಾನು.

ನಮ್ಮ ಗುಂಪಿನ ಹಿರಿಯರೊಬ್ಬರು ಕುಡಿತ ಬಿಟ್ಟು ಈಗ ಆರು ವರ್ಷವಾಗಿದೆ. ಸ್ಕೀ ಊರಿನಲ್ಲಿ ಬಿಡುವುದು ಕಷ್ಟ. ಬಾಡಿಗೆ ದುಬಾರಿಯಾದ್ದರಿಂದ ಐದಾರು ಜನ ಒಂದು ಮನೆಯಲ್ಲಿ ತುಂಬಿಕೊಂಡಿರುವ ಹಂಗಾಮಿ ಕೆಲಸಗಾರರಿಗೆ ಬಾರೇ ಪಡಸಾಲೆ, ಕೆಲಸದ ಸಂಪರ್ಕವೂ ಅಲ್ಲೇ, ಸ್ನೇಹವೂ ಅಲ್ಲೇ. ಬಿಟ್ಟ ಮೊದಲ ವರ್ಷ ಅವರು ಬೆಟ್ಟದಿಂದ ಇಳಿದ ಕೂಡಲೇ ಏನೋ ಕೆಲಸದ ನೆಪ ಹೇಳಿ ಕಾರು ಹತ್ತಿ ಹೋಗಿಬಿಡುತ್ತಿದ್ದರು. ಕ್ಯಾನು ತೆರೆಯುವ ಸದ್ದು ಕೇಳಲಾಗುತ್ತಿರಲಿಲ್ಲ ಎಂದು ಬಹಳ ಕಾಲದ ಮೇಲೆ ನನಗೊಬ್ಬನಿಗೆ ಹೇಳಿದರು. ಆ ಒಂದು ವರ್ಷ ಗುಂಪಿನ ಅತ್ಯಂತ ಅನುಭವಿಯ ಅಭಿಪ್ರಾಯವಿಲ್ಲದೆಯೇ ನಮ್ಮ ಸಂಜೆಯ ಮಾತುಕತೆಗಳು ನಡೆದವು. ಅವರು ಯಾಕೆ ಹೋಗುತ್ತಾರೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ‘ಧೊಪ್’ನ ಸುದ್ದಿ ಕಿವಿಗೆ ಬಿದ್ದ ಮೇಲೆ, ಕ್ಯಾನು ತೆಗೆಯುವ ಮೊದಲು ಹತ್ತು ನಿಮಿಷ ಒಂದು ನೋಟ್‌ಪುಸ್ತಕ ತೆಗೆಯೋಣ ಎಂದವರು ಅವರೇ.

ಹಾಗೆ ಶುರುವಾದದ್ದು ಈಗ ಮೂರನೆಯ ಚಳಿಗಾಲ. ಬೂಟು ಸಡಿಲಿಸುವ ಮೊದಲು, ಕಾಲು ಇನ್ನೂ ನೋಯುತ್ತಿರುವಾಗಲೇ, ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕು: ಇವತ್ತು ಎಲ್ಲಿ ಹೆದರಿದೆ, ಹೇಳಿದೆನೋ ಇಲ್ಲವೋ. ಎಷ್ಟೋ ದಿನ ಮರೆಯುತ್ತೇವೆ, ಎಷ್ಟೋ ದಿನ ಸುಮ್ಮನೆ ‘ಚೆನ್ನಾಗಿತ್ತು’ ಎಂದು ಗೀಚುತ್ತೇವೆ, ಇಬ್ಬರು ಹೊಸಬರು ಇದು ಶಾಲೆಯ ಹೋಂವರ್ಕ್ ಎಂದು ಗೊಣಗಿ ಬೇರೆ ಗುಂಪು ಸೇರಿದರು. ಹೋದ ಶನಿವಾರದ ಪುಟದಲ್ಲಿ ನನ್ನ ಸಾಲು ಹೀಗಿದೆ: “10.20, ಈಶಾನ್ಯ ಮುಖ. ಹಿಂತಿರುಗೋಣ ಅನ್ನಿಸಿತು. ಮುಂದೆ ಯಾರದೋ ಜಾಡು ಇತ್ತು, ಸುಮ್ಮನಾದೆ.” ಕೆಳಗೆ ಹಿರಿಯರ ಸಾಲು: “ನನಗೂ.”

ಆಮೇಲೆ ಕ್ಯಾನು ತೆಗೆಯಲು ಹೋದೆವು. ಕಡ್ಡಿ ಇರಲಿಲ್ಲ. ಹಿಮ ತೆಗೆಯುವ ಲಾರಿ ಮಧ್ಯಾಹ್ನ ಬಂದು ರಸ್ತೆಯ ಹಿಮವನ್ನೆಲ್ಲ ಗುಡ್ಡೆಯ ಮೇಲೆ ತಳ್ಳಿ ಹೋಗಿತ್ತು. ನಾಲ್ವರೂ ನೆನಪಿನ ಮೇಲೆ ನಾಲ್ಕು ಬೇರೆ ಬೇರೆ ಜಾಗ ತೋರಿಸಿದೆವು. ಕೊನೆಗೆ ಹಿರಿಯರೇ ಪ್ರೋಬ್ ಕೋಲು ಜೋಡಿಸಿ, ತರಬೇತಿಯಲ್ಲಿ ಹೇಳಿಕೊಟ್ಟಂತೆ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಚುಚ್ಚುತ್ತ ಹೊರಟರು, ನಾವು ಮೂವರು ಸಲಿಕೆ ಹಿಡಿದು ಹಿಂದೆ ನಿಂತೆವು. ಕ್ಯಾನಿನ ಮೇಲೆ ಕೋಲು ತಗುಲಿದ ಸದ್ದು ಬಂದಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಹದಿನೇಳು ನಿಮಿಷ ಆಗಿತ್ತು.